ಕಪಿಲೆಯ ನೀರಿನಡಿಯ ರಾಜಧಾನಿ

ಹೆಗ್ಗಡದೇವನಕೋಟೆ ಸೀಮೆಯ ಕಾಕನಕೋಟೆ ಎಂದೊಡನೆ ಹಿರಿಯರ ನೆನಪಿಗೆ ಬರುವುದು ಆನೆಗಳ ಖೆಡ್ಡಾ. ಸಾಹಿತ್ಯಾಭಿಮಾನಿಗಳಿಗಾದರೋ ಮಾಸ್ತಿಯವರ ಅದೇ ಹೆಸರಿನ ನಾಟಕ. ಕಟ್ಟಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆದರೆ ಈ ಅರಣ್ಯ ಪ್ರದೇಶದಲ್ಲಿಯೇ, ಕಪಿಲೆಯ ತಡಿಯಲ್ಲಿ, ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಒಂದು ರಾಜಧಾನಿ ಇತ್ತೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಅದು ಪುನ್ನಾಟದ ಅರಸರ ಕೀರ್ತಿಪುರ. ಈ ತಾಲ್ಲೂಕಿನ ಕಿತ್ತೂರೇ ಆ ಊರೆಂದು ವಿದ್ವಾಂಸರು ಗುರುತಿಸಿದ್ದಾರೆ. (ರಾಣಿ ಚೆನ್ನಮ್ಮನ ಕಿತ್ತೂರು ಬೇರೆ, ಅದು ಬೆಳಗಾವಿ ಜಿಲ್ಲೆಯದು.)

ಪುನ್ನಾಟದ ಹೆಸರು ನಮ್ಮ ಶಾಸನಗಳಿಗಿಂತ ಮೊದಲು ದೊರೆಯುವುದು ಗ್ರೀಕ್ ಭಾಷೆಯಲ್ಲಿ ಎಂಬುದು ಸೋಜಿಗದ ಸಂಗತಿ. ಕ್ರಿ.ಶ. 2ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿದ್ದ ಭೂಗೋಳಜ್ಞ ಟಾಲೆಮಿಯು 'ಪೌನ್ನಾಟ'ವೆಂಬ ಸ್ಥಳವನ್ನು ಹೆಸರಿಸಿ, ಅಲ್ಲಿ ಬೆರಿಲ್ ಎಂಬ ರತ್ನಶಿಲೆ ದೊರೆಯುತ್ತದೆಂದು ಬರೆದಿದ್ದಾನೆ. ಆ ರತ್ನದ ಹೆಸರೂ ನಮ್ಮದೇ. ಪ್ರಾಕೃತದ 'ವೇರುಲಿಯ'ವೇ ಗ್ರೀಕರ ಬಾಯಲ್ಲಿ ಹಾಗಾಯಿತು. ಮುಂದೆ ಪುನ್ನಾಟದ ಸ್ಕಂದವರ್ಮನ ಮಗಳನ್ನು ಗಂಗರ ಅವಿನೀತನು ವಿವಾಹವಾದನು. ಅವಿನೀತನ ಮಗ ದುರ್ವಿನೀತ. 'ಕವಿರಾಜಮಾರ್ಗ'ವು ಕನ್ನಡದ ಗದ್ಯಕಾರರಲ್ಲಿ ಹೆಸರಿಸುವ ಆ ದುರ್ವಿನೀತನ ಕಾಲಕ್ಕೆ ಪುನ್ನಾಟವು ಗಂಗರಾಜ್ಯದಲ್ಲಿ ಸೇರಿಹೋಯಿತು.

ರಾಜ್ಯ ಹೋದರೂ ಹೆಸರು ಹೋಗಲಿಲ್ಲ. ಪುನ್ನಾಟದ ಜೈನ ಮುನಿಗಳ ಒಂದು ಸಂಘವು ನಾಡಿನಿಂದ ಬಹುದೂರ ಸಂಚರಿಸಿತು. ಕ್ರಿ.ಶ. 783ರಲ್ಲಿ ಪಶ್ಚಿಮ ಭಾರತದ ವರ್ಧಮಾನಪುರದಲ್ಲಿ ಸಂಸ್ಕೃತ 'ಹರಿವಂಶಪುರಾಣ'ವನ್ನು ರಚಿಸಿದ ಜಿನಸೇನಾಚಾರ್ಯರು ತಮ್ಮನ್ನು ಪುನ್ನಾಟ ಸಂಘದವರೆಂದೇ ಹೇಳಿಕೊಂಡಿದ್ದಾರೆ. ಸ್ಥಾವರ ಜಂಗಮಗಳ ಭೇದವನ್ನು ವಚನಗಳಲ್ಲಿ ಓದಿದ ಸದ್ಭಕ್ತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋಟೆ ಇದ್ದಲ್ಲೇ ಉಳಿಯಿತು. ನಡೆದವರು ಹೆಸರನ್ನು ಹೊತ್ತು ನಡೆದರು.

1974ರಲ್ಲಿ ಬೀಚನಹಳ್ಳಿ ಬಿದರಹಳ್ಳಿಗಳ ಬಳಿ ಕಬಿನಿ ಅಣೆಕಟ್ಟೆಯ ಕೆಲಸ ಮುಗಿಯಿತು. ಹತ್ತೊಂಬತ್ತೂವರೆ ಟಿ.ಎಂ.ಸಿ. ನೀರು ನಿಲ್ಲುವ ಆ ಜಲಾಶಯದಲ್ಲಿ ಕಿತ್ತೂರು ಮುಳುಗಿತು. ಜೊತೆಗೆ ಹೊಲ, ಗದ್ದೆ, ಗುಡಿ, ಸಮಾಧಿಗಳೂ ಮುಳುಗಿದವು. ಹಳ್ಳಿಗರೂ ಹಾಡಿಗಳ ಜೇನುಕುರುಬರೂ ನೆಲೆ ತಪ್ಪಿದರು. ಕೆಳಗಿನ ಸಾವಿರಾರು ಎಕರೆಗಳಿಗೆ ಈ ನೀರು ಅನ್ನವಾಗಿದೆ. ಅದನ್ನು ಮರೆತು ಮಾತನಾಡುವುದು ನ್ಯಾಯವಲ್ಲ. ಆದರೂ ಮುಳುಗಡೆಯ ಲೆಕ್ಕದಲ್ಲಿ ಎಕರೆ ಬಂದಷ್ಟು ಸುಲಭವಾಗಿ ನೆನಪು ಬರುವುದಿಲ್ಲ.

ಪುನ್ನಾಟವನ್ನು ಹೆಸರಿಸಿದ ಗ್ರೀಕರ ನಾಡಿನಲ್ಲಿ ಇದಕ್ಕೆ ವಿರುದ್ಧವಾದ ಕಾರ್ಯವೊಂದು ನಡೆಯಿತು. ಡೆಲ್ಫಿಯಲ್ಲಿ ಅಪೊಲೊ ದೇವತೆಯ ಪ್ರಾಚೀನ ಕ್ಷೇತ್ರದ ಮೇಲೆ ಕಸ್ತ್ರಿ ಎಂಬ ಊರು ಬೆಳೆದಿತ್ತು. ಫ್ರೆಂಚ್ ವಿದ್ವಾಂಸರು ಅಲ್ಲಿ ಉತ್ಖನನ ಮಾಡಬೇಕಾದಾಗ ಇಡೀ ಊರನ್ನೇ ಬೇರೆಡೆಗೆ ಸಾಗಿಸಲಾಯಿತು. ಊರವರು ಪ್ರತಿಭಟಿಸಿದರು, 1892ರಲ್ಲಿ ಅಗೆತ ಆರಂಭವಾದದ್ದು ಸೈನಿಕರ ಕಾವಲಿನಲ್ಲಿ. ಅಥೆನ್ಸಿನ ಅಗೋರಾ ಎಂಬ ಪುರಾತನ ಚೌಕವು ಸಂತೆಯೂ ಹೌದು, ಸಭೆಯೂ ಹೌದು, ನ್ಯಾಯಸ್ಥಾನವೂ ಹೌದು. 1931ರಿಂದ ಅಮೆರಿಕದ ವಿದ್ವಾಂಸರು ಅದನ್ನು ಹೊರತೆಗೆಯುವಾಗ ಮೇಲಿದ್ದ ನೂರಾರು ಮನೆಗಳನ್ನು ಕೆಡವಬೇಕಾಯಿತು. ಇಲ್ಲಿ ನೀರಿಗಾಗಿ, ಅಲ್ಲಿ ಕಲ್ಲಿಗಾಗಿ; ಎರಡೂ ಕಡೆ ಎದ್ದು ಹೋಗಬೇಕಾದವರು ಬದುಕಿದ್ದ ಬಡವರೇ.

ಆದರೆ ಅಗೋರಾದಲ್ಲಿ ದೊರೆತ ಒಂದು ಅವಶೇಷವನ್ನು ಶರಣರ ಬಳಿಯವರು ಗಮನಿಸಲೇಬೇಕು. ಚೌಕದ ಎಲ್ಲೆಗಲ್ಲಿನ ಪಕ್ಕದಲ್ಲಿ ಒಂದು ಸಣ್ಣ ಮನೆಯ ಅಡಿಪಾಯ ಬಯಲಾಯಿತು. ನೆಲದ ಮೇಲೆ ಪಾದರಕ್ಷೆಗೆ ಹೊಡೆಯುವ ಕಬ್ಬಿಣದ ಮೊಳೆಗಳು, ದಾರ ಪೋಣಿಸುವ ಮೂಳೆಯ ಬಳೆಗಳು. ಬಳಿಯಲ್ಲೇ ಸಿಮೋನನ ಹೆಸರು ಕೊರೆದ ಬಟ್ಟಲಿನ ಚೂರು. ಸಿಮೋನನೆಂಬ ಮೋಚಿಯ ಅಂಗಡಿಗೆ ಸಾಕ್ರೆಟಿಸ್ ಬಂದು ಸಂವಾದ ನಡೆಸುತ್ತಿದ್ದನೆಂದೂ, ನೆನಪಿನಲ್ಲಿ ಉಳಿದುದನ್ನು ಸಿಮೋನನು ಬರೆದಿಡುತ್ತಿದ್ದನೆಂದೂ ಪ್ರಾಚೀನ ಲೇಖಕನೊಬ್ಬ ಹೇಳಿದ್ದಾನೆ. ಈ ಮನೆ ಅವನದೇ ಇರಬಹುದೆಂದು ಸಂಶೋಧಕರ ಊಹೆ. ಹರಳಯ್ಯನವರ ಕಾಯಕವನ್ನು ಬಲ್ಲವರಿಗೆ ಆ ಮೊಳೆಗಳು ದೇವಾಲಯದ ಅಮೃತಶಿಲೆಗಿಂತ ಹೆಚ್ಚು ಮಾತನಾಡುತ್ತವೆ.

ಉತ್ಖನನದ ಬೆಲೆ ಇರುವುದು ಇಲ್ಲಿ. ಶಾಸನ ಅರಸನ ಹೆಸರನ್ನು ಹೇಳುತ್ತದೆ, ಮಣ್ಣು ಹೆಸರಿಲ್ಲದವರನ್ನು ತೋರಿಸುತ್ತದೆ. ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದಲ್ಲಿ ನವಶಿಲಾಯುಗದ ನೆಲೆಯನ್ನು ಅಗೆದಾಗ ದೊರೆತ ಮಣ್ಣಿನ ತಲೆದಿಂಬು ಯಾವ ಅರಸನದೂ ಅಲ್ಲ. ಅಲ್ಲಿಂದ ಕೆಳಗೆ ಗಂಗರ ತಲಕಾಡು ಮರಳಿನಲ್ಲಿ ಹೂತಿದ್ದರೂ 1992-93ರಲ್ಲಿ ರಾಜ್ಯದ ಪುರಾತತ್ವ ಇಲಾಖೆಯ ಉತ್ಖನನಕ್ಕೆ ಒದಗಿತು. ಮರಳು ಮುಚ್ಚಿದುದನ್ನು ಕಾಯ್ದುಕೊಡುತ್ತದೆ. ಜಲಾಶಯ ಹಾಗಲ್ಲ, ಪ್ರತಿ ವರ್ಷ ಏರಿಳಿಯುವ ನೀರು ಮಣ್ಣಿನ ಪದರಗಳನ್ನು ಕಲಸಿ ಬಿಡುತ್ತದೆ. ಯಾವ ಚೂರು ಯಾವ ಪದರದಲ್ಲಿತ್ತು ಎಂಬುದು ತಪ್ಪಿದರೆ ಅದು ಬರಿಯ ಬೋಕಿ.

ಕೀರ್ತಿಪುರದ ನೆಲಕ್ಕೆ ಇನ್ನು ಗುದ್ದಲಿ ತಾಗುವುದು ಕಷ್ಟ. ಅಗೆಯಬಹುದಾದ ಪದರ ಒಂದೇ ಉಳಿದಿದೆ. 1974ರಲ್ಲಿ ಇಪ್ಪತ್ತರ ಪ್ರಾಯದಲ್ಲಿದ್ದವರು ಇಂದು ಎಪ್ಪತ್ತು ದಾಟಿದ್ದಾರೆ. ಗುಡಿ ಎಲ್ಲಿತ್ತು, ವೀರಗಲ್ಲು ಯಾವ ಹೊಲದ ಬದುವಿನಲ್ಲಿ ನಿಂತಿತ್ತು, ಉಳುವಾಗ ನೇಗಿಲಿಗೆ ಏನು ತಾಗುತ್ತಿತ್ತು, ಹಳೆಯ ಹೊಳೆದಾರಿಗೆ ಯಾವ ಹೆಸರಿತ್ತು ಎಂಬುದನ್ನು ಅವರು ಬಲ್ಲರು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಕಡೆಯ ಸದ್ಭಕ್ತರ ಮನೆಗಳಲ್ಲಿ, ನೆಂಟರಲ್ಲಿ, ನೆರೆಯ ಪುನರ್ವಸತಿ ಊರುಗಳಲ್ಲಿ, ಹಾಡಿಗಳಲ್ಲಿ ಅಂಥ ಹಿರಿಯರಿದ್ದರೆ ಅವರ ಬಳಿ ಕುಳಿತು, ಅವರು ಹೇಳಿದಂತೆಯೇ, ಊರಿನ ಹೆಸರು ಹೊಲದ ಹೆಸರುಗಳ ಸಮೇತ ಬರೆದುಕೊಳ್ಳುವುದಾಗಲಿ.