ಕಬ್ಬಿಣದ ಭಿಕ್ಷೆ

ಶಿವಪುರದ ಸತ್ಯಾಗ್ರಹ ಸೌಧದ ಹತ್ತಿರ ಬೆಳಿಗ್ಗೆ ಎಳನೀರು ಕುಡಿಯುತ್ತ ನಿಂತಿದ್ದೆ. ಅಂಗಡಿಯವನ ಮೊಬೈಲಿನಲ್ಲಿ ಸಿದ್ದಪ್ಪಾಜಿ ಪದ ಬರುತ್ತಿತ್ತು. ತಂಬೂರಿಯ ಶ್ರುತಿ, ಗಗ್ಗರದ ಸದ್ದು. ಕಥೆ ಹಲಗೂರಿನ ಪಾಂಚಾಳರ ಬಾಗಿಲಿಗೆ ಆಗಷ್ಟೇ ಬಂದಿತ್ತು. ಪಕ್ಕದಲ್ಲಿ ಬೈಕಿನ ಮೇಲೆ ಕೂತಿದ್ದ ಹುಡುಗ, "ಬ್ಯಾರೆ ಯಾವ್ದಾರ ಹಾಕಣ್ಣ. ಅದ್ರಲ್ಲೇನದೆ? ದುಡ್ ಕೆಟ್ಟದ್ದು ಅಂತವ್ರೆ, ಅಷ್ಟೆಯ. ದುಡ್ಡಿಲ್ದೋರು ಸಮಾದಾನಕ್ಕೆ ಕಟ್ಕಂಡಿರೊ ಪದ, ಬುಡು" ಎಂದ. ಅಂಗಡಿಯವನು ಹಾಡು ಬದಲಿಸಿಬಿಟ್ಟ. ರಾತ್ರಿಯಿಡೀ ಹಾಡಿದರೂ ಮುಗಿಯದ ಕಥೆಯನ್ನು ಎರಡು ಮಾತಿನಲ್ಲಿ ಮಡಚಿಟ್ಟನಲ್ಲ ಎಂದು ಸಿಟ್ಟು ಬಂತು. ಮನೆಗೆ ಬಂದರೂ ಇಳಿಯಲಿಲ್ಲ.

ಸಿರಿ ನಿಲ್ಲುವುದಿಲ್ಲ, ಸತ್ತಾಗ ಬಿಡಿಗಾಸೂ ಹಿಂದೆ ಬರುವುದಿಲ್ಲ ಎಂಬುದನ್ನು ಶರಣರು ಹೇಳಿದ್ದಾರೆ, ದಾಸರು ಹಾಡಿದ್ದಾರೆ. ಪುರಂದರದಾಸರಂತೂ ಮೊದಲು ನವಕೋಟಿ ನಾರಾಯಣರಾಗಿದ್ದವರೆಂದೇ ಪ್ರತೀತಿ. ಸಿರಿವಂತನ ಸೊಕ್ಕಿನ ಕಥೆಯನ್ನು ರಾಜಕುಮಾರ್ 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ಊರೂರಿಗೂ ಮುಟ್ಟಿಸಿದರು. ಇದೆಲ್ಲ ಎಲ್ಲರಿಗೂ ಗೊತ್ತು. ನಾನು ಕೇಳಬೇಕೆಂದಿರುವುದು ಬೇರೆ: ನಮ್ಮ ಸೀಮೆಯ ಪದಗಳು ಉಳ್ಳವರನ್ನು ಬಯ್ಯುವಾಗ ಯಾವ ತಪ್ಪಿಗೆ ಬಯ್ಯುತ್ತವೆ? ಕಂಸಾಳೆಯವರು ಹಾಡುವ ಮಾದಪ್ಪನ ಕಥೆಯಲ್ಲಿ ಬೇವಿನಹಟ್ಟಿ ಕಾಳಮ್ಮನ ಮನೆ ತುಂಬಿದ ಮನೆ. ಅದು ತುಂಬಿದೆ ಎಂದು ಮಾದಪ್ಪ ಮುನಿಯುವುದಿಲ್ಲ. ಬಾಗಿಲಿಗೆ ಬಂದವನನ್ನು ಬರಿಗೈಲಿ ಕಳಿಸಿದ್ದಕ್ಕೆ ಮುನಿಯುತ್ತಾನೆ.

ಇನ್ನು ಹಲಗೂರು. ಈ ಕಥೆ ನನಗೆ ಎಷ್ಟು ಕೇಳಿದರೂ ಸಾಲದು. ಸಿದ್ದಪ್ಪಾಜಿ ಹುಟ್ಟಿದ್ದು ನಮ್ಮ ಮದ್ದೂರು ತಾಲ್ಲೂಕಿನ ನಿಡಘಟ್ಟದಲ್ಲಿ. ಆಗ ಅವನ ಹೆಸರು ಕೆಂಪಾಚಾರಿ. ಕಸುಬಿನಿಂದ ಪಾಂಚಾಳರ ಮಗ, ತಾಯಿ ಮುದ್ದಮ್ಮ. ಅವನನ್ನು ಶಿಶುಮಗನಾಗಿ, ಅಂದರೆ ಶಿಷ್ಯನಾಗಿ, ಕೊಡಿ ಎಂದು ಗುರು ಮಂಟೇಸ್ವಾಮಿ ಆ ಮನೆಯ ಬಾಗಿಲಿಗೇ ಬಂದಾಗ ಹೆತ್ತವರು ಒಪ್ಪಲಿಲ್ಲ. ಆದರೂ ಕೊನೆಗೆ ಅವನು ಗುರುವಿನ ಪಾಲೇ ಆದ. ಆಮೇಲೆ ಕುಂದೂರು ಬೆಟ್ಟದ ಗವಿ, ಅಲ್ಲಿನ ಕಷ್ಟಗಳು, ಗುರುವಿನ ಪರೀಕ್ಷೆ. ಎಲ್ಲ ದಾಟಿದ ಮೇಲೆ ಗುರು ಹೇಳುವ ಕೆಲಸ ನೋಡಿ: ಹಲಗೂರಿಗೆ ಹೋಗಿ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಬೇಡಿ ತಾ. ಮಳವಳ್ಳಿ ತಾಲ್ಲೂಕಿನ ಆ ಹಲಗೂರು ಇಂದಿಗೂ ಕನಕಪುರದ ರಸ್ತೆಯಲ್ಲಿದೆ. ಅಲ್ಲಿನವರು ಅವನ ಕುಲದವರೇ. ರಾಶಿ ಕಬ್ಬಿಣ ಇಟ್ಟುಕೊಂಡು ಒಂದು ಚೂರೂ ಇಲ್ಲ ಎನ್ನುತ್ತಾರೆ. ಬೇಡಲು ಬಂದವನನ್ನು ಇಲ್ಲದ ಪರೀಕ್ಷೆಗಳಿಗೆ ಒಡ್ಡುತ್ತಾರೆ. ವಿವರಗಳು ಹಾಡುವವರ ಬಾಯಿಂದ ಬಾಯಿಗೆ ಬೇರೆಯಾಗುತ್ತವೆ. ಕೊನೆಗೆ ಹಲಗೂರಿನ ಸಿರಿ ಮಣ್ಣುಪಾಲಾಗುವುದಂತೂ ತಪ್ಪುವುದಿಲ್ಲ.

ಗುರು ಕಬ್ಬಿಣವನ್ನೇ ಯಾಕೆ ಕೇಳಿಸಿದ? ಚಿನ್ನ ಕೇಳಬಹುದಿತ್ತು, ಪಾಂಚಾಳರಲ್ಲಿ ಅಕ್ಕಸಾಲಿಗಳೂ ಇರುತ್ತಾರೆ. ನನಗೆ ಹೊಳೆಯುವ ಅರ್ಥ ಇದು. ಚಿನ್ನವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಊರಿನ ಯಾವ ಕೆಲಸವೂ ನಿಲ್ಲುವುದಿಲ್ಲ. ಕಬ್ಬಿಣ ಬಚ್ಚಿಟ್ಟರೆ ನೇಗಿಲಿಗೆ ಗುಳವಿಲ್ಲ, ಕುಯ್ಲಿಗೆ ಕುಡುಗೋಲಿಲ್ಲ, ಸೌದೆಗೆ ಕೊಡಲಿಯಿಲ್ಲ, ಎಳನೀರು ಕೊಚ್ಚಲು ಮಚ್ಚಿಲ್ಲ. ಇನ್ನೊಬ್ಬರ ದುಡಿಮೆ ಯಾವುದರಿಂದ ನಡೆಯುತ್ತದೋ ಅದನ್ನು ಮುಚ್ಚಿಟ್ಟು ಇಲ್ಲ ಎನ್ನುವುದು ಈ ಪದದ ಪ್ರಕಾರ ಮಹಾಪಾಪ. ಪದ ಕಟ್ಟಿದವರಿಗೆ ದುಡ್ಡಿನ ಮೇಲೆ ಹೊಟ್ಟೆಕಿಚ್ಚಿದ್ದಿದ್ದರೆ ಹಲಗೂರಿನವರ ಮನೆ, ಒಡವೆ, ಊಟಗಳನ್ನು ಹಳಿದು ಸುಮ್ಮನಾಗುತ್ತಿದ್ದರು. ಅವರ ಕಣ್ಣು ಕುಲುಮೆಯ ಮೇಲಿತ್ತು. ಸಂಪತ್ತು ಎಂದರೇನು ಎಂದು ಅಷ್ಟು ಖಚಿತವಾಗಿ ತಿಳಿದವರನ್ನು ಸಮಾಧಾನಕ್ಕೆ ಹಾಡಿಕೊಂಡವರು ಎನ್ನಬಹುದೆ?

ಕುಲುಮೆ ಅಂದಾಗ ಕಣ ನೆನಪಾಗುತ್ತದೆ. ರಾಗಿ ತೂರಿ ರಾಶಿ ಮಾಡಿದ ಮೇಲೆ ಅದು ಮನೆಗೆ ಹೋಗುವ ಮುಂಚೆ ಆಚಾರಿಗೆ, ಅಗಸರಿಗೆ, ಕ್ಷೌರದವರಿಗೆ ಅವರವರ ಪಾಲನ್ನು ನಮ್ಮಜ್ಜ ಮೊರದಲ್ಲಿ ಮೊಗೆದು ಕೊಡುತ್ತಿದ್ದರು. ಆಚಾರಿ ವರ್ಷವೆಲ್ಲ ಗುಳ ಹಣಿದು ಕೊಟ್ಟಿರುತ್ತಿದ್ದ, ಕೂಲಿ ಈಗ ಸಂದಾಯವಾಗುತ್ತಿತ್ತು. ಆಲೆಮನೆಯಲ್ಲೂ ಅದೇ ರೀತಿ. ದಾರಿಯಲ್ಲಿ ಹೋಗುವವರು ಯಾರೇ ಬರಲಿ, ಒಂದು ಲೋಟ ಕಬ್ಬಿನ ಹಾಲು. ಮಕ್ಕಳ ಕೈಗೆ ಒಂದು ತುಣುಕು ಬಿಸಿಬೆಲ್ಲ. "ಆಲೆಮನೆ ಮುಂದೆ ನಿಂತೋರ್ಗೆ ಇಲ್ಲ ಅನ್ಬಾರ್ದು ಕಣ್ಲಾ ಮಗ" ಎಂದು ಅಜ್ಜ ನನಗೆ ಹೇಳಿದ್ದುಂಟು. ಹಲಗೂರಿನವರು ಮುರಿದದ್ದು ಈ ಕೊಡು-ಕೊಳ್ಳುವಿಕೆಯನ್ನೇ. ಊರಿನ ಕಾಳು ಉಂಡವರು ಊರಿಗೆ ಕಬ್ಬಿಣವಿಲ್ಲ ಅಂದರು.

ಇನ್ನೊಂದು ಮಾತು ಹೇಳದೆ ಇರಲಾರೆ. ಈ ಕಥೆಯನ್ನು ಹಾಡುವ ನೀಲಗಾರರು ದೀಕ್ಷೆ ಪಡೆದವರು, ಮನೆ ಮನೆಗೆ ಭಿಕ್ಷೆಗೆ ಹೋಗುವವರು. ಸಿದ್ದಪ್ಪಾಜಿ ಬೇಡಿದ ಕಥೆಯನ್ನು ಹಾಡುತ್ತಿರುವವನೇ ನಿಮ್ಮ ಬಾಗಿಲಲ್ಲಿ ಜೋಳಿಗೆ ಹಾಕಿಕೊಂಡು ನಿಂತಿರುತ್ತಾನೆ. ಹಾಡಿನ ಅರ್ಥವನ್ನು ಒಳಗೆ ಕೂತವರು ಮೊರದಲ್ಲಿ ರಾಗಿ ತಂದೇ ಹೇಳಬೇಕು. ಪುಸ್ತಕದಲ್ಲಿ ಓದುವಾಗಲೂ ಮೊಬೈಲಿನಲ್ಲಿ ಕೇಳುವಾಗಲೂ ಈ ಭಾಗ ತಪ್ಪಿಹೋಗುತ್ತದೆ. ಬನದ ಹುಣ್ಣಿಮೆಗೆ ಶುರುವಾಗಿ ಐದು ದಿನ ನಡೆಯುವ ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಯಲ್ಲಿ ಪಂಕ್ತಿಸೇವೆಯಿದೆ. ಎಲ್ಲ ಜಾತಿಯವರೂ ಅಲ್ಲೇ ಬೇಯಿಸಿ ಸಾಲಾಗಿ ಕೂತು ಉಣ್ಣುತ್ತಾರೆ. ಸಿದ್ದಪ್ಪಾಜಿ ಪದಕ್ಕೆ ಅದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ಯಾವ ಪಂಡಿತರೂ ಬರೆದಿಲ್ಲ.

ಶಿವಪುರಕ್ಕೂ ಈ ಪದಕ್ಕೂ ಸಂಬಂಧವಿದೆ ಎಂದೇ ನನ್ನ ನಂಬಿಕೆ. 1938ರ ಏಪ್ರಿಲಿನಲ್ಲಿ, ಮೈಸೂರು ಸಂಸ್ಥಾನದ ನಿಷೇಧವಿದ್ದಾಗ, ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಇಲ್ಲಿ ಕಾಂಗ್ರೆಸ್ ಬಾವುಟ ಹಾರಿತು. ಸಾವಿರಾರು ಜನ ಸೇರಲು ನೆಲ ಬೇಕು, ನೀರು ಬೇಕು, ಉಣ್ಣಲು ಮುದ್ದೆ ಬೇಕು. ಇದ್ದವರು ಸರ್ಕಾರಕ್ಕೆ ಹೆದರಿ ಇಲ್ಲ ಅಂದಿದ್ದರೆ ಬಾವುಟಕ್ಕೆ ಊರುಗೋಲೂ ಸಿಗುತ್ತಿರಲಿಲ್ಲ. ಭಾಷಣ ಮಾಡಿದವರ ಹೆಸರುಗಳು ಉಳಿದಿವೆ, ಉಳಿಯಬೇಕು. ಆ ದಿನ ಬಾಗಿಲು ತೆರೆದ ಮನೆಗಳನ್ನೂ ಹಾಡಬೇಕಿತ್ತು.

ಈ ಕಾಲದ ಹಲಗೂರು ಎಲ್ಲಿದೆ ಎಂದು ಯೋಚಿಸುತ್ತ ಹೋದರೆ ನಾಲೆಗೆ ಬಂದು ನಿಲ್ಲುತ್ತೇನೆ. ಕನ್ನಂಬಾಡಿಯಿಂದ ಹೊರಟು ಹುಲಿಕೆರೆ ಸುರಂಗ ಹಾಯ್ದು ಬರುವ ವಿಶ್ವೇಶ್ವರಯ್ಯ ನಾಲೆಗೆ ನಮ್ಮ ಮದ್ದೂರು, ಮಳವಳ್ಳಿಗಳು ಕೊನೇ ಭಾಗ. ಮೇಲಿನ ಗದ್ದೆಯಲ್ಲಿ ನೀರು ತುಂಬಿ ಹಳ್ಳಕ್ಕೆ ಹರಿಯುವಾಗಲೂ ಕೆಳಗಿನ ಒಟ್ಲು ಒಣಗುವ ವರ್ಷಗಳಿವೆ. ನೀರು ಈಗಿನ ಕಬ್ಬಿಣ: ಇನ್ನೊಬ್ಬರ ದುಡಿಮೆ ನಿಂತಿರುವುದು ಅದರ ಮೇಲೆ. ತೂಬಿನ ಬಾಗಿಲಲ್ಲಿ ಕೊನೇ ಭಾಗದವನು ಬಂದು ಕೇಳಿದಾಗ ಮೇಲಿನವನು ಏನು ಹೇಳುತ್ತಾನೆ, ಅವನ ಮೇಲೆ ಯಾರಿದ್ದಾರೆ, ನಗರಕ್ಕೆ ಎಷ್ಟು, ಗದ್ದೆಗೆ ಎಷ್ಟು? ಇದನ್ನು ಯಾರಾದರೂ ನೀಲಗಾರ ಒಂದು ಪದವಾಗಿ ಕಟ್ಟಿ, ಮದ್ದೂರಿನಿಂದ ಕನ್ನಂಬಾಡಿಯವರೆಗೆ ಹಳ್ಳಿ ಹಳ್ಳಿಯಲ್ಲೂ ಹಾಡಬೇಕು. ಬೈಕಿನ ಹುಡುಗನಿಗೂ ಗದ್ದೆಯಿರಬಹುದು.