ಬಿಸಿಲಲ್ಲಿ ಬಂದ ಹೊಳಿ

ಮಳೆಯಿಲ್ಲ, ಮೋಡವಿಲ್ಲ, ಗುಡುಗಿಲ್ಲ. ನಾರಾಯಣಪುರ ಅಣೆಕಟ್ಟಿನ ಕೆಳಗೆ ಕೃಷ್ಣೆಯ ಪಾತ್ರದಲ್ಲಿ ಬಂಡೆಗಳು ಕಾದು ಕೂತಿವೆ. ಕುರಿಗಳು ಒಂದರ ಹೊಟ್ಟೆಯ ನೆರಳಿಗೆ ಇನ್ನೊಂದು ತಲೆ ತೂರಿಸಿ ಗುಂಪುಗಟ್ಟಿ ನಿಂತಿವೆ. ನದಿ ನಡುವಿನ ಗಡ್ಡಿಯ ನೆತ್ತಿಯ ಮೇಲೆ ಕುರಿಗಾಹಿ ಕಂಬಳಿ ಹಾಸುತ್ತಾನೆ, ಬುತ್ತಿ ಬಿಚ್ಚುತ್ತಾನೆ, ರೊಟ್ಟಿ ಮುರಿಯುತ್ತಾನೆ. ಅಷ್ಟರಲ್ಲಿ ನಾಯಿ ಎದ್ದು ನಿಲ್ಲುತ್ತದೆ. ಬೆಳಿಗ್ಗೆ ಮೊಣಕಾಲುದ್ದ ನೀರಿನಲ್ಲಿ ಹಿಂಡನ್ನು ದಾಟಿಸಿಕೊಂಡು ಬಂದ ಜಾಗದಲ್ಲಿ ಈಗ ಒಂದು ಕಲ್ಲೂ ಕಾಣುತ್ತಿಲ್ಲ. ನೀರು ಕೆಂಪಾಗಿದೆ. ಅಂಚಿನ ಜಾಲಿ ಗಿಡದ ಬುಡಕ್ಕೆ ನೊರೆ ಹತ್ತಿದೆ. ರೊಟ್ಟಿ ಕೆಳಗಿಟ್ಟು, ಕೊಡಲಿ ಹೆಗಲಿಗೇರಿಸಿ, ನಾಲ್ಕು ಹೆಜ್ಜೆ ಓಡಿ ನೋಡುವಷ್ಟರಲ್ಲಿ ಜಾಲಿ ಅರ್ಧ ಮುಳುಗಿದೆ.

ಹೊಳಿ ಬಂತು!

ಸುರಪುರ, ಶಹಾಪುರ ಸೀಮೆಯಲ್ಲಿ ಕೃಷ್ಣೆ ಉಕ್ಕುವುದಕ್ಕೆ, ಅಂದರೆ ಹೊಳಿ ಬರುವುದಕ್ಕೆ, ಇಲ್ಲಿನ ಮಳೆಯ ಹಂಗಿಲ್ಲ. ಮಹಾಬಲೇಶ್ವರದಲ್ಲಿ, ಕೊಯ್ನಾ ಕಣಿವೆಯಲ್ಲಿ ಬಿಡದೆ ಸುರಿದದ್ದು ಆಲಮಟ್ಟಿ ಅಣೆಕಟ್ಟಿಗೆ ಬಂದು ತುಂಬುತ್ತದೆ. ಅಲ್ಲಿ 123 ಟಿಎಂಸಿಗೆ ಜಾಗವಿದೆ. ಅದು ತುಂಬಿ ಬಿಟ್ಟದ್ದನ್ನು ನಾರಾಯಣಪುರದ ಬಸವಸಾಗರ ಹಿಡಿಯಬೇಕು, ಅದಕ್ಕಿರುವ ಜಾಗ 33 ಟಿಎಂಸಿ. ಬಂದಷ್ಟನ್ನೂ ಕೆಳಗೆ ದಬ್ಬದೆ ಅದಕ್ಕೆ ಗತಿಯಿಲ್ಲ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. ಎರಡು ಲಕ್ಷ ಕ್ಯೂಸೆಕ್ ಬಿಟ್ಟರು ಎಂದು ಪತ್ರಿಕೆಯ ಮೂಲೆಯಲ್ಲಿ ಓದುತ್ತೇವಲ್ಲ, ಅದು ಒಂದೇ ಸೆಕೆಂಡಿನಲ್ಲಿ 56 ಲಕ್ಷ ಲೀಟರ್. ಅಷ್ಟು ಬಂದರೆ ಶಹಾಪುರ ಕಡೆಯ ಕೊಳ್ಳೂರು ಸೇತುವೆಗೆ ಕಷ್ಟಕಾಲ. 2019ರ ಆಗಸ್ಟ್‌ನಲ್ಲಿ ಹರಿದದ್ದು ಆರು ಲಕ್ಷದ ಆಸುಪಾಸು. ಇಷ್ಟೆಲ್ಲ ನಡೆಯುವಾಗ ಗಡ್ಡಿಯ ಮೇಲಿನವನ ತಲೆಯ ಮೇಲೆ ಸುಡು ಬಿಸಿಲು. ಅವನಿಗೆ ಎಚ್ಚರಿಕೆ ಕೊಡಲು ಒಂದು ಹನಿ ಮಳೆಯೂ ಇಲ್ಲ.

ಇನ್ನು ಅವನ ಕೈಯಲ್ಲಿರುವುದು ಬಹಳವೆಂದರೆ ಅರ್ಧ ತಾಸು. ಈಗಲೇ ದಾಟಬೇಕೋ, ಮೇಲೆ ಹತ್ತಬೇಕೋ? ದಾಟುವುದಾದರೆ ಕುರಿ ನೀರಿಗೆ ಇಳಿಯಬೇಕು. ಕುರಿಗೆ ನೀರೆಂದರೆ ಆಗದು. ಕೋಲು ಬೀಸಿದರೂ, ಕೂಗಿದರೂ, ಮುಂದಿನ ಕುರಿ ಕಾಲೂರಿ ನಿಂತುಬಿಡುತ್ತದೆ, ಹಿಂದಿನವು ಅದರ ಬೆನ್ನಿಗೆ ಬಂದು ಒತ್ತುತ್ತವೆ. ಅದಕ್ಕೇ ಅನುಭವಸ್ಥರು ಹಿಂಡಿನಲ್ಲಿ ನಾಲ್ಕಾರು ಆಡು ಇಟ್ಟಿರುತ್ತಾರೆ. ಆಡು ಪುಂಡು ಪ್ರಾಣಿ, ಅದು ನುಗ್ಗಿದರೆ ಕುರಿ ಹಿಂದೆ ಬರುತ್ತದೆ. ಅಪಾಯ ಇರುವುದೂ ಅಲ್ಲಿಯೇ: ಮುಂದಿನದು ಸೆಳವಿಗೆ ಸಿಕ್ಕರೆ ಹಿಂದಿನವು ತಿರುಗುವುದಿಲ್ಲ, ಒಂದರ ಹಿಂದೊಂದು ಅದೇ ಸೆಳವಿಗೆ ಬೀಳುತ್ತವೆ. ಉಣ್ಣೆ ಕತ್ತರಿಸದ ಕುರಿ ನೀರು ಕುಡಿದು ಭಾರವಾಗಿ ಕಾಲು ಬಡಿಯುವ ಶಕ್ತಿ ಕಳೆದುಕೊಳ್ಳುತ್ತದೆ. ಹುಟ್ಟಿ ವಾರವಾಗದ ಮರಿಗಳನ್ನು ಕಂಬಳಿಯಲ್ಲಿ ಗಂಟು ಕಟ್ಟಿ ಬೆನ್ನಿಗೆ ಹಾಕಿಕೊಂಡರೂ ಈಜಲು ಎರಡೂ ಕೈ ಬೇಕು, ಹಿಂಡು ಯಾರ ಕೈಗೆ?

ಹಾಗಾಗಿ ಬಹುತೇಕ ಸಲ ಅವನು ಮೇಲೆ ಹತ್ತುತ್ತಾನೆ.

ಹತ್ತಿದ ಮೇಲೆ ಶುರುವಾಗುವುದು ರಾತ್ರಿ. ಗಡ್ಡಿ ಕಿರಿದಾಗುತ್ತ ಬರುತ್ತದೆ. ಹಾವು, ಚೇಳುಗಳಿಗೂ ಇರುವುದು ಅದೇ ದಿಬ್ಬ, ಅವೂ ಮೇಲೇ ಬರುತ್ತವೆ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಹೊಳಿ ಬಂದಾಗ ಅವು ಮಡುವಿನಲ್ಲಿ ನಿಲ್ಲದೆ ಅಂಚಿಗೆ ಸರಿಯುತ್ತವೆ. ನಾಯಿ ಬೊಗಳಿದ ದಿಕ್ಕಿಗೆ ಬ್ಯಾಟರಿ ಬಿಡಬೇಕು, ಬ್ಯಾಟರಿ ಉಳಿಸಲೂ ಬೇಕು. ಮೊಬೈಲಿನ ಚಾರ್ಜು ಮುಗಿಯುತ್ತ ಬಂದಿದೆ. ಮನೆಗೆ ಒಂದು ಕರೆ, ಊರಿನ ಹಿರಿಯರಿಗೆ ಒಂದು ಕರೆ, ಆಮೇಲೆ ಬೆಳಗಿನವರೆಗೂ ಆಫ್. ಕುರಿಗಳು ಮೇವಿಲ್ಲದೆ ಒಂದರ ಉಣ್ಣೆ ಇನ್ನೊಂದು ಜಗಿಯುತ್ತವೆ. ಸುತ್ತ ಲಕ್ಷಾಂತರ ಲೀಟರ್ ನೀರು ಹರಿಯುತ್ತಿದ್ದರೂ ಕೆಸರಿನ ಕೆಂಪು ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಬೇಕು. ಕುರಿಗಾಹಿ ಒಂದು ಕಲ್ಲಿನ ಮೇಲೆ ಗುರುತು ಇಟ್ಟು ಕಾಯುತ್ತಾನೆ. ಗುರುತು ಮುಳುಗಿತೇ? ಇನ್ನೊಂದು ಕಲ್ಲು. ಅದೂ ಮುಳುಗಿತೇ?

2020ರ ಆಗಸ್ಟ್‌ನಲ್ಲಿ ನಾರಾಯಣಪುರದ ಬಳಿಯ ಒಬ್ಬ ಕುರಿಗಾಹಿ ಛಾಯಾ ಭಗವತಿ ಕ್ಷೇತ್ರದ ಕಡೆ ನದಿಯ ನಡುವೆ ಹೀಗೆಯೇ ಸಿಕ್ಕಿಬಿದ್ದ, ಜೊತೆಗೆ ಹಿಂಡು, ಜೊತೆಗೆ ನಾಯಿಗಳು. ದಿನಗಳು ಉರುಳಿದವು. ಅಣೆಕಟ್ಟಿನಿಂದ ಹೊರಬಿದ್ದ ನೀರು ಕಲ್ಲುಗಳ ಸಂದಿಯಲ್ಲಿ ಸೀಳಿ, ಹಾರಿ, ಸುಳಿಸುತ್ತಿ ಹರಿಯುವ ಜಾಗ ಅದು. ಹರಿಗೋಲು ಇಳಿಸಲು ಮೀನುಗಾರರೂ ಒಪ್ಪುವುದಿಲ್ಲ. ಕೊನೆಗೆ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯವರು ರಬ್ಬರ್ ದೋಣಿಯಲ್ಲಿ ಹೋಗಿ ಅವನನ್ನು ಕರೆತಂದರು. ಟಿವಿಯಲ್ಲಿ ನೋಡಿದ ಪೇಟೆಯ ಜನ ಕೇಳಿದ್ದು ಒಂದೇ ಮಾತು: ಜೀವ ದೊಡ್ಡದೋ, ಕುರಿ ದೊಡ್ಡದೋ? ನೀರು ಏರುತ್ತಿದೆ ಎಂದು ಗೊತ್ತಾದ ಕೂಡಲೇ ಈಜಿ ಬರಬಾರದಿತ್ತೇ?

ಕೇಳುವವರು ಲೆಕ್ಕ ನೋಡಿಲ್ಲ. ಹಿಂಡು ಎಂದರೆ ತಾಯಿಕುರಿಗಳು. ಗಂಡುಮರಿಯನ್ನು ನಾಲ್ಕಾರು ತಿಂಗಳಿಗೆ ಮಾರಿ ಸಾಲ ತೀರಿಸಬಹುದು, ಬಕ್ರೀದಿಗೆ ಕಾದು ಟಗರು ಮಾರಿದರೆ ಮಗಳ ಮದುವೆಗೂ ಆಗುತ್ತದೆ. ತಾಯಿಕುರಿಯನ್ನು ಮಾತ್ರ ಯಾವ ಕಷ್ಟಕ್ಕೂ ಮುಟ್ಟುವುದಿಲ್ಲ. ಇಪ್ಪತ್ತೈದು ಮೂವತ್ತು ಕುರಿಗೆ ಒಂದು ಬೀಜದ ಟಗರು, ಅದು ಅಜ್ಜನ ಕಾಲದಿಂದ ಆರಿಸಿ ಆರಿಸಿ ಉಳಿಸಿಕೊಂಡ ರಕ್ತ. ತೆಂಗಿನಕಾಯಿ ಬಣ್ಣದ ಕೆಂಗುರಿ ತಳಿ ಯಾದಗಿರಿ, ರಾಯಚೂರು, ಕೊಪ್ಪಳದ ಈ ಕಲ್ಲುಸೀಮೆಗೇ ಒಗ್ಗಿದ ಮಾಂಸದ ಕುರಿ. ಕಳೆದುಕೊಂಡರೆ ಪೇಟೆಗೆ ಹೋಗಿ ತರುವ ಸಾಮಾನಲ್ಲ. ನದಿಯ ಆಚೆ ನಿಂತು ಅಧಿಕಾರಿಗಳು ಮೈಕಿನಲ್ಲಿ ಬಾ ಎಂದರೆ, 'ಕುರಿ ಬಿಟ್ಟು ನಾ ಹೆಂಗ ಬರ್ಲಿರಿ' ಎನ್ನುವ ಉತ್ತರ ಬರುತ್ತದೆ. ಅದನ್ನು ಹಟ ಎಂದು ಬರೆದುಕೊಳ್ಳುತ್ತಾರೆ. ನನ್ನ ಕೇಳಿದರೆ ಬ್ಯಾಂಕಿನ ಮ್ಯಾನೇಜರೂ ಅಲ್ಲಿದ್ದರೆ ತಿಜೋರಿಯ ಮೇಲೆ ಹೀಗೇ ಕೂತಿರುತ್ತಿದ್ದ.

ಈ ಹೊಳಿಯನ್ನು ಈಜಿದವರಿಲ್ಲ ಎಂದಲ್ಲ. ಕಕ್ಕೇರಾ ಎದುರಿನ ನೀಲಕಂಠರಾಯನಗಡ್ಡಿ ಎಂಬ ನಡುಗಡ್ಡೆಯಲ್ಲಿ ದನಕರು, ಕುರಿ, ಮಕ್ಕಳುಮರಿ ಸಮೇತ ಕುಟುಂಬಗಳು ಬದುಕುತ್ತಿವೆ. 2014ರ ಜುಲೈ ಕೊನೆಗೆ ಹೊಳಿ ಬಂದು ಗಡ್ಡಿಯ ದಾರಿ ಕಡಿದಾಗ ಅಲ್ಲಿ ಒಂಬತ್ತು ತಿಂಗಳು ತುಂಬಿದ, ಇಪ್ಪತ್ತೆರಡು ವರ್ಷದ ಒಬ್ಬ ಬಸುರಿ ಇದ್ದಳು. ದೋಣಿ ಬರುವ ಹಾಗಿಲ್ಲ, ನೋವು ಯಾವಾಗ ಶುರುವಾಗುತ್ತದೋ ಗೊತ್ತಿಲ್ಲ. ಒಣಗಿದ ಸೋರೆ ಬುರುಡೆಗಳನ್ನು ಮೈಗೆ ಕಟ್ಟಿಕೊಂಡಳು. ತಂದೆ, ಅಣ್ಣ ಸುತ್ತುವರಿದು ಈಜಿದರು, ಆಕೆ ನಡುವೆ. ಹೊಳಿ ನೇರ ದಾಟಲು ಬಿಡುವುದಿಲ್ಲ. ಎದುರಿನ ದಡ ಅರ್ಧ ಕಿಲೋಮೀಟರ್ ಇದ್ದರೆ ಸೆಳವು ಕೆಳಕ್ಕೆಳೆದು ಅದನ್ನು ಒಂದು ಕಿಲೋಮೀಟರ್ ಮಾಡುತ್ತದೆ. ಕೈ ಸೋತರೆ ಬುರುಡೆ ಎತ್ತಿ ಹಿಡಿಯುತ್ತದೆ, ಉಸಿರು ತೆಗೆದುಕೊ, ಮತ್ತೆ ಕೈ ಬಡಿ, ಮತ್ತೆ ಉಸಿರು. ದಡ ಹತ್ತಿದಳು. ಕಕ್ಕೇರಾದ ಆರೋಗ್ಯ ಕೇಂದ್ರಕ್ಕೆ ಹೋದಳು. ದೇಶದ ಪತ್ರಿಕೆಗಳೆಲ್ಲ ಆಕೆಯ ಸುದ್ದಿ ಬರೆದವು. ಸೋರೆ ಬುರುಡೆಯ ಬಗ್ಗೆ ಬರೆದವರು ಅದನ್ನೊಂದು ವಿಚಿತ್ರವೆಂಬಂತೆ ಬರೆದರು. ಹೊಳಿದಂಡೆಯವರ ಮನೆಯ ಜಂತಿಗೆ ಅದು ತೂಗುಬಿದ್ದೇ ಇರುತ್ತದೆ. ದನ ಹುಡುಕಿಕೊಂಡು ಆಚೆ ದಡಕ್ಕೆ ಹೋಗುವವನೂ ಅದನ್ನೇ ಕಟ್ಟಿಕೊಳ್ಳುತ್ತಾನೆ.

ಇಷ್ಟೆಲ್ಲ ಗೊತ್ತಿದ್ದೂ ಜುಲೈ, ಆಗಸ್ಟಿನಲ್ಲಿ ಹಿಂಡನ್ನು ನದಿಯೊಳಗೆ ಏಕೆ ಇಳಿಸುತ್ತಾರೆ? ಬೇರೆ ಎಲ್ಲಿಗೆ ಒಯ್ಯಬೇಕು ಹೇಳಿ. ಮುಂಗಾರು ಬಿದ್ದ ಮೇಲೆ ಹೊಲವೆಲ್ಲ ಹೆಸರು, ತೊಗರಿ, ಹತ್ತಿ. ಒಂದು ಕುರಿ ಬಾಯಿ ಹಾಕಿದರೆ ಜಗಳ, ದಂಡ. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಸುರಪುರ, ಶಹಾಪುರದ ಕೆಳಭಾಗ ಭತ್ತದ ಗದ್ದೆಯಾಯಿತು. ಬೀಳು ಎಂಬ ಹೊಲವೇ ಇಲ್ಲವಾಯಿತು. ಗೋಮಾಳ ಕರಗಿತು. ಹಸಿರು ಹುಲ್ಲಿದ್ದು ಬೇಲಿಯಿಲ್ಲದ ಜಾಗ ಉಳಿದದ್ದು ಹೊಳಿಯ ನಡುವೆ. ಕಾಲುವೆಗೆ ನೀರು ಕೊಟ್ಟ ಅಣೆಕಟ್ಟೇ ಕುರಿಯನ್ನು ಅಣೆಕಟ್ಟಿನ ಕೆಳಕ್ಕೆ ತಳ್ಳಿದೆ. ಡಂಗುರ ಸಾರುತ್ತಾರೆ ನಿಜ, ನದಿಪಾತ್ರದ ಹಳ್ಳಿಗಳಲ್ಲಿ ಸಾರುತ್ತಾರೆ. ಹಳ್ಳಿಯಲ್ಲಿ ಇರದವನಿಗೆ ಡಂಗುರ ಹೇಗೆ ಕೇಳಬೇಕು? ಅವನ ವಿಳಾಸ ಇವತ್ತು ಈ ಗಡ್ಡಿ, ನಾಳೆ ಆ ಗುಡ್ಡ.

ಇಂದು ಹಿಂಡಿಗೆ ನೆಲೆ ಸಿಗದಿದ್ದರೂ, ವಿಚಿತ್ರವೆಂದರೆ ಜಾನುವಾರು ಸಾಕಿ ಮಾಂಸ ತಿಂದು ಬದುಕಿದ ಮಂದಿಯ ಕುರುಹು ದಕ್ಷಿಣ ಭಾರತದಲ್ಲೇ ಅತಿ ಸ್ಪಷ್ಟವಾಗಿ ಸಿಕ್ಕ ಜಾಗಗಳಲ್ಲಿ ಒಂದು ಇದೇ ಸೀಮೆಯಲ್ಲಿದೆ. ಸುರಪುರ ಕಡೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1990ರ ದಶಕದಲ್ಲಿ ಬೂದಿ ದಿಬ್ಬವೊಂದನ್ನು ಅಗೆದರು. ನಾಲ್ಕು ಸಾವಿರ ವರ್ಷ ಹಿಂದಿನ ದನದ ದೊಡ್ಡಿ ಅದು. ದೊಡ್ಡಿಯ ಸಗಣಿ ಗುಡ್ಡೆ ಹಾಕಿ, ಸುಟ್ಟು, ಮತ್ತೆ ಗುಡ್ಡೆ ಹಾಕಿ ಸುಟ್ಟು ಬೆಳೆದ ದಿಬ್ಬ. ಸುತ್ತ ಮನೆಗಳು, ಕಲ್ಲಿನ ಆಯುಧ ಮಾಡುವ ಜಾಗ, ಮಗ್ಗುಲಲ್ಲೇ ಜಾನುವಾರು ಕಡಿದು ಮಾಂಸ ಹಂಚಿದ ನೆಲ, ಅದರ ತುಂಬ ಹೆಚ್ಚಾಗಿ ದನದ ಮೂಳೆ. ದೊಡ್ಡಿ, ವಸತಿ, ಕಸಾಯಿ ನೆಲ ಒಂದೇ ಕಡೆ. ಇವತ್ತಿನ ಅಮೆರಿಕದಲ್ಲಿ ದನದ ಹಿಂಡು ಸಾಕುವ ರ‍್ಯಾಂಚಿನವರಿಗೆ ತೋರಿಸಿದರೆ ಗುರುತು ಹಿಡಿದಾರು. ಈಗ ರಾಜ್ಯದ ಕಾನೂನು ಹದಿಮೂರು ವರ್ಷ ಮೀರಿದ ಎಮ್ಮೆ, ಕೋಣ ಬಿಟ್ಟು ಉಳಿದ ದನದ ವಧೆಗೆ ಅವಕಾಶ ಕೊಡುವುದಿಲ್ಲ, ಮಾಂಸದ ದಂಧೆಯೇನಿದ್ದರೂ ಕುರಿ, ಆಡಿನದು. 2019ರ ಜಾನುವಾರು ಗಣತಿಯಲ್ಲಿ ರಾಜ್ಯದ ಕುರಿಗಳೇ 1 ಕೋಟಿ 10 ಲಕ್ಷ.

ರ‍್ಯಾಂಚಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. 1866ರಲ್ಲಿ ಚಾರ್ಲ್ಸ್ ಗುಡ್‌ನೈಟ್ ಮತ್ತು ಆಲಿವರ್ ಲವಿಂಗ್ ಎಂಬ ದನದ ಧಣಿಗಳು ಅಮೆರಿಕದ ಟೆಕ್ಸಾಸಿನಿಂದ ದನದ ಹಿಂಡು ಹೊಡೆದುಕೊಂಡು ಹೊರಟರು. ದಿನಗಟ್ಟಲೆ ನೀರಿಲ್ಲದ ಬಯಲು, ಬಾಯಾರಿ ಬಿದ್ದು ಸತ್ತವು ನೂರಾರು. ಉಳಿದವು ಪೆಕೋಸ್ ನದಿಯ ವಾಸನೆ ಹಿಡಿದು ಹುಚ್ಚೆದ್ದು ನುಗ್ಗಿ, ಒಂದರ ಮೇಲೊಂದು ಬಿದ್ದು ಮುಳುಗಿದವು. ಆ ದಾರಿಯ ಮೇಲೆ ಎಷ್ಟು ಕಾದಂಬರಿ, ಎಷ್ಟು ಸಿನಿಮಾ! ಆದರೆ ಅಲ್ಲಿ ಕುದುರೆ ಏರಿದ ಹುಡುಗರಲ್ಲಿ ಹೆಚ್ಚಿನವರು ತಿಂಗಳ ಸಂಬಳದವರು. ದನ ಮುಳುಗಿದರೆ ನಷ್ಟ ಧಣಿಯದು. ಇಲ್ಲಿ ಗಡ್ಡಿಯ ಮೇಲೆ ಕಲ್ಲಿಗೆ ಗುರುತು ಇಡುತ್ತ ಕೂತವನು ಕೂಲಿಯೂ ಅವನೇ, ಧಣಿಯೂ ಅವನೇ.

ನೀರು ಇಳಿಯುತ್ತದೆ. ಕೊಯ್ನಾದಲ್ಲಿ ಮಳೆ ನಿಂತಿತೆಂದರೆ ಇಲ್ಲಿ ಗೇಟುಗಳು ಇಳಿಯುತ್ತವೆ. ಕೊಚ್ಚೆಯಲ್ಲಿ ಹಿಂಡು ದಡ ಹತ್ತುತ್ತದೆ, ಹತ್ತಿದ ಕೂಡಲೇ ಎಣಿಕೆ. ಎರಡೆರಡು ಬೆರಳು ಮಡಚುತ್ತ ಜೋಡಿ ಜೋಡಿಯಾಗಿ ಎಣಿಸುತ್ತಾನೆ. ಕಡಿಮೆ ಬಿದ್ದರೆ ಮತ್ತೆ ಎಣಿಸುತ್ತಾನೆ. ಅಪಾಯ ಇನ್ನೂ ಮುಗಿದಿಲ್ಲ. ದಿನವೆಲ್ಲ ಒದ್ದೆಯಲ್ಲಿ ನಿಂತ ಗೊರಸು ಕೊಳೆಯುತ್ತದೆ, ಕುಂಟುವ ಕುರಿ ಮೇಯುವುದಿಲ್ಲ. ನೀರಿನ ಜೊತೆ ಸೊಳ್ಳೆ, ನುಸಿ ಬರುತ್ತವೆ, ನುಸಿಯ ಜೊತೆ ನೀಲಿನಾಲಿಗೆ ರೋಗ. ಹಸಿದ ಹಿಂಡು ಹೊಸ ಚಿಗುರಿಗೆ ಬಿದ್ದು ಗಬಗಬ ತಿಂದರೆ ಕರುಳು ಬೇನೆ. ಸಂಜೆ ಗಟ್ಟಿಯಾಗಿದ್ದ ಕುರಿ ಬೆಳಿಗ್ಗೆ ಕಾಲು ಚಾಚಿರುತ್ತದೆ. ಕುರಿ ಸತ್ತರೆ ಸರ್ಕಾರದ ಅನುಗ್ರಹ ಯೋಜನೆಯಿದೆ, ಐದು ಸಾವಿರ ರೂಪಾಯಿಯಿಂದ ಶುರುವಾದ ಪರಿಹಾರ, ಒಳ್ಳೆಯ ಯೋಜನೆಯೇ. ಅದಕ್ಕೆ ಪಶುವೈದ್ಯರು ಸತ್ತ ಕುರಿಯನ್ನು ಪರೀಕ್ಷಿಸಿ ಬರೆದುಕೊಡಬೇಕು. ಹೊಳಿ ಒಯ್ದ ಕುರಿಯನ್ನು ಎಲ್ಲಿಂದ ತಂದು ತೋರಿಸುವುದು?

ತೋರಿಸಲಾಗದವನು ಮುಂದೆ ನಡೆಯುತ್ತಾನೆ. ಹೆಸರು ಕಿತ್ತ ಹೊಲಗಳು ತೆರೆಯುತ್ತವೆ. ಹಿಂಡು ಕೃಷ್ಣೆಯ ದಂಡೆ ಬಿಟ್ಟು ಶಹಾಪುರದ ಗುಡ್ಡಗಳ ಕಡೆ, ಅಲ್ಲಿಂದ ಭೀಮೆಯ ಕಡೆ ಏರುತ್ತದೆ. ಸಂಕ್ರಾಂತಿಗೆ ಕೆಲವರು ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಹೊರಡುತ್ತಾರೆ. ದೇವರ ಪಲ್ಲಕ್ಕಿಯ ಮೇಲೆ ಹರಕೆಯ ಕುರಿಮರಿ ಎಸೆಯುವುದಕ್ಕೆ ಜಿಲ್ಲಾಡಳಿತದ ನಿಷೇಧವಿದೆ, ದಾರಿಯಲ್ಲೇ ತಡೆದು ಮರಿ ಕಸಿದುಕೊಳ್ಳುತ್ತಾರೆ. ಹೊಳಿಯಲ್ಲಿ ಹರಕೆ ಹೊತ್ತವನು ಪೊಲೀಸರೊಂದಿಗೆ ವಾದಕ್ಕೆ ನಿಲ್ಲುತ್ತಾನೆ. ಬೇಸಿಗೆ ಬಂದರೆ ರೈತರೇ ಕರೆಯುತ್ತಾರೆ, ಕುರಿ ಹಿಕ್ಕೆಯ ಗೊಬ್ಬರ ಬೇಕಲ್ಲ. ಹೊಲದಲ್ಲಿ ಹಟ್ಟಿ ಹಾಕಲು ರಾತ್ರಿಗೆ ಎಷ್ಟು ದುಡ್ಡು, ಎಷ್ಟು ಜೋಳ ಎಂಬ ಚೌಕಾಸಿ ಶುರು. ಹೋದ ವರ್ಷಕ್ಕಿಂತ ಹಿಂಡು ಸಣ್ಣದಾಗಿದೆ, ಕಡಿಮೆ ಕೊಡುತ್ತೇನೆ ಎನ್ನುತ್ತಾನೆ ರೈತ. ಹೊಳಿಗೆ ಹೋದವನ್ನೂ ಸೇರಿಸಿ ಹಳೆಯ ದರವನ್ನೇ ಕೇಳುತ್ತಾನೆ ಕುರಿಗಾಹಿ.