ತಲೆಕೆಳಗಾದ ಗೋಪುರ, ತಲೆಕೆಳಗಾದ ಗಾಡಿ

ಹಂಪಿಯ ವಿರೂಪಾಕ್ಷ ದೇವಸ್ಥಾನಕ್ಕೆ ಹೋದವರು ಮೊದಲು ತಲೆ ಎತ್ತಿ ಪೂರ್ವದ ಗೋಪುರವನ್ನು ನೋಡುತ್ತಾರೆ. ಒಂಬತ್ತು ಅಂತಸ್ತು, ಸುಮಾರು 50 ಮೀಟರ್ ಎತ್ತರ. ನೋಡುತ್ತ ನಿಂತರೆ ಕತ್ತು ನೋಯುತ್ತದೆ. ಕತ್ತು ನೋಯದಂತೆ ಅದೇ ಗೋಪುರವನ್ನು ನೋಡುವ ಇನ್ನೊಂದು ಜಾಗವೂ ಆ ಗುಡಿಯಲ್ಲೇ ಇದೆ. ಗರ್ಭಗುಡಿಯ ಹಿಂಭಾಗಕ್ಕೆ ಬಂದು ಮೆಟ್ಟಿಲು ಹತ್ತಿದರೆ ಮಬ್ಬುಗತ್ತಲೆಯ ಒಂದು ಮಂಟಪ ಸಿಗುತ್ತದೆ. ಅದರ ಗೋಡೆಯ ಮೇಲೆ ಗೋಪುರದ ನೆರಳು ಬಿದ್ದಿರುತ್ತದೆ, ತಲೆಕೆಳಗಾಗಿ!

ಕಳೆದ ಡಿಸೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ಆರನೇ ತರಗತಿಯ ಮೊಮ್ಮಗಳನ್ನು ಕರೆದುಕೊಂಡು ಹಂಪಿಗೆ ಹೋಗಿದ್ದೆವು. ಹೊಸಪೇಟೆಯಲ್ಲಿ ರೈಲಿಳಿದು, ಬಸ್ ಹಿಡಿದು, ಬೆಳಿಗ್ಗೆಯೇ ಗುಡಿ ಸೇರಿದೆವು. ದೇವರ ದರ್ಶನವಾಯಿತು. ಕೃಷ್ಣದೇವರಾಯ ತನ್ನ ಪಟ್ಟಾಭಿಷೇಕದ ನೆನಪಿಗೆ 1510ರ ಸುಮಾರಿಗೆ ಕಟ್ಟಿಸಿದ ರಂಗಮಂಟಪವನ್ನೂ ನೋಡಿದೆವು. ಕೊನೆಗೆ ಆ ಕತ್ತಲೆ ಮಂಟಪಕ್ಕೆ ಬಂದೆವು. ನನ್ನ ಹೆಂಡತಿ ನೆರಳನ್ನು ನೋಡಿ ಕೈ ಮುಗಿದಳು. ಮೊಮ್ಮಗಳು ನನ್ನ ಅಂಗಿಯ ತೋಳು ಜಗ್ಗಿದಳು.

"ಅಜ್ಜಾ, ನನ್ನ ನೆರಳು ಯಾವತ್ತೂ ಉಲ್ಟಾ ಬೀಳಲ್ಲ. ಇದು ಯಾಕೆ ಉಲ್ಟಾ ಬಿದ್ದಿದೆ?"

ನನಗೆ ಮಾತೇ ಹೊರಡಲಿಲ್ಲ. ಉತ್ತರ ಗೊತ್ತಿರಲಿಲ್ಲ ಎನ್ನುವುದು ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ಅರವತ್ತು ವರ್ಷಕ್ಕೂ ಹಿಂದೆ ಇನ್ನೊಂದು ಗೋಡೆಯ ಮೇಲೆ ಕಂಡದ್ದು ಥಟ್ಟನೆ ನೆನಪಾಗಿತ್ತು.

ಆಗ ನನಗೆ ಒಂಬತ್ತು ವರ್ಷ. ಹರಿಹರದ ಹತ್ತಿರದ ಹಳ್ಳಿಯಲ್ಲಿ ನಮ್ಮ ಮನೆ. ಜ್ವರ ಬಂದಿದ್ದರಿಂದ ಬೀದಿ ಕಡೆಯ ಕೋಣೆಯಲ್ಲಿ ಕಿಟಕಿ, ಬಾಗಿಲು ಮುಚ್ಚಿ ನನ್ನನ್ನು ಮಲಗಿಸಿದ್ದರು. ಕಿಟಕಿಯ ಮರದ ಹಲಗೆಯಲ್ಲಿ ಗಂಟು ಉದುರಿ ಆದ ಒಂದು ಸಣ್ಣ ತೂತಿತ್ತು. ಮಧ್ಯಾಹ್ನ ಬೀದಿಯಲ್ಲಿ ಎತ್ತಿನ ಗೆಜ್ಜೆ ಸದ್ದು ಕೇಳಿಸಿತು. ಎದುರಿನ ಗೋಡೆ ನೋಡುತ್ತೇನೆ, ಒಂದು ಗಾಡಿ ಹೋಗುತ್ತಿದೆ! ಚಕ್ರ ಮೇಲೆ, ಎತ್ತಿನ ಕಾಲೂ ಮೇಲೆ. ಗೆಜ್ಜೆಯ ಸದ್ದು ಹೊಳೆಯ ಕಡೆಗೆ ಹೋದರೆ ಗಾಡಿ ಗುಡಿಯ ಕಡೆಗೆ ಹೋಗುತ್ತಿತ್ತು. ನಾನು ಕಿರುಚಿಕೊಂಡೆ.

ಯಾರೂ ನಂಬಲಿಲ್ಲ. ಜ್ವರದ ಬಡಬಡಿಕೆ ಎಂದರು ಅಪ್ಪ. ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ದೃಷ್ಟಿ ತೆಗೆದಳು. ಮತ್ತೆ ಆ ಮಾತೆತ್ತಿದಾಗ ಅಣ್ಣಂದಿರು ನಕ್ಕರು. ಆಮೇಲೆ ನಾನು ಅದನ್ನು ಯಾರಿಗೂ ಹೇಳಲಿಲ್ಲ. ಬಿ.ಕಾಂ. ಓದಿದೆ, ಬ್ಯಾಂಕು ಸೇರಿದೆ. ನಾನು ಕಂಡದ್ದು ಸುಳ್ಳೇ ಇರಬೇಕೆಂದು ಒಪ್ಪಿಕೊಂಡೇ ಮುದುಕನಾದೆ.

ಮಂಟಪದಲ್ಲಿ ನಮ್ಮ ಪಕ್ಕದಲ್ಲೇ ಪ್ರವಾಸಕ್ಕೆ ಬಂದಿದ್ದ ಶಾಲಾ ಮಕ್ಕಳಿದ್ದರು. ಅವರ ಟೀಚರ್ ಮೊಮ್ಮಗಳ ಪ್ರಶ್ನೆ ಕೇಳಿಸಿಕೊಂಡು, "ಶಿವನ ಕೈಯಲ್ಲಿ ಏನಿರುತ್ತೆ ಪುಟ್ಟಿ?" ಎಂದರು.

"ತ್ರಿಶೂಲ. ಮತ್ತೆ ಡಮರು."

"ಆ ಡಮರುವೇ ಇದಕ್ಕೆ ಉತ್ತರ" ಎಂದು ಟೀಚರ್ ನೋಟ್‌ಬುಕ್ಕಿನಲ್ಲಿ ಅಡ್ಡಲಾಗಿ ಮಲಗಿದ ಡಮರುವಿನ ಚಿತ್ರ ಬರೆದರು. ಎಡಗಡೆಯ ಅಗಲ ಭಾಗ ಗೋಪುರ. ಬಲಗಡೆಯದು ಈ ಗೋಡೆ. ನಡುವಿನ ಸಪೂರ ಸೊಂಟವೇ ಬೆಳಕು ಒಳಗೆ ಬರುವ ಸಣ್ಣ ಕಿಂಡಿ. ಬೆಳಕು ನೇರವಾಗಿ ಹೋಗುತ್ತದೆ, ದಾರಿಯಲ್ಲಿ ತಾನಾಗಿ ಬಾಗುವುದಿಲ್ಲ. ಗೋಪುರದ ತುದಿಯಿಂದ ಬಂದ ಬೆಳಕು ಇಳಿಜಾರಾಗಿ ಕಿಂಡಿ ದಾಟಿ ಗೋಡೆಯ ಕೆಳಭಾಗಕ್ಕೆ ಬೀಳುತ್ತದೆ. ಬುಡದ ಕಡೆಯಿಂದ ಬಂದದ್ದು ಗೋಡೆಯ ಮೇಲ್ಭಾಗಕ್ಕೆ ಏರುತ್ತದೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗುತ್ತದೆ. ಸೊಂಟದಲ್ಲಿ ಎಲ್ಲವೂ ಅದಲುಬದಲು!

"ಹಾಗಾದರೆ ಗೋಪುರ ಕಪ್ಪಗೆ ಯಾಕಿದೆ?" ಮೊಮ್ಮಗಳು ಬಿಡಲಿಲ್ಲ.

"ಬೆಳಿಗ್ಗೆ ಸೂರ್ಯ ಗೋಪುರದ ಆಚೆ ಇರುತ್ತಾನೆ. ಆಕಾಶದ ಬೆಳಕು ಧಾರಾಳವಾಗಿ ಒಳಗೆ ಬರುತ್ತೆ. ನಮ್ಮ ಕಡೆಗಿರುವ ಗೋಪುರದ ಮುಖದಿಂದ ಬರುವ ಬೆಳಕು ಕಡಿಮೆ. ಅದಕ್ಕೇ ಅದು ನೆರಳಿನ ಹಾಗೆ ಕಾಣುತ್ತೆ."

ಸುಮಾರು ಸಾವಿರ ವರ್ಷದ ಹಿಂದೆ ಬಾಸ್ರಾದಲ್ಲಿ ಹುಟ್ಟಿದ ಇಬ್ನ್ ಅಲ್-ಹೈಥಮ್ ಎಂಬ ವಿಜ್ಞಾನಿ ದೀಪಗಳನ್ನು ಸಾಲಾಗಿಟ್ಟು, ತೂತಿನ ಮೂಲಕ ಬೆಳಕು ಬಿಟ್ಟು ಇಂಥದ್ದನ್ನೇ ಪರೀಕ್ಷಿಸಿ ಬರೆದಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಕ್ಯಾಮೆರಾ ಎಂದರೆ ಕೋಣೆ. ಇಂಥ ಕತ್ತಲೆ ಕೋಣೆಯಿಂದಲೇ ನಮ್ಮ ಕ್ಯಾಮೆರಾಕ್ಕೆ ಆ ಹೆಸರು ಬಂತು. ನಮ್ಮ ಕಣ್ಣೊಳಗೂ ಚಿತ್ರ ತಲೆಕೆಳಗಾಗಿಯೇ ಬೀಳುತ್ತದೆ ಎಂದು 1604ರಲ್ಲಿ ಕೆಪ್ಲರ್ ವಿವರಿಸಿದರು. ಆದರೂ ಪ್ರಪಂಚ ನಮಗೆ ನೆಟ್ಟಗೆ ಕಾಣುವಂತೆ ಮಾಡುವುದು ನಮ್ಮ ಮೆದುಳು.

ಊರಿಗೆ ಮರಳಿದ ಮೇಲೆ ನಾವಿಬ್ಬರೂ ಮನೆಯಲ್ಲೇ ಒಂದು ಪುಟ್ಟ ಮಂಟಪ ಕಟ್ಟಿದೆವು. ಮಕ್ಕಳೇ, ನೀವೂ ಮಾಡಬಹುದು. ಒಂದು ಚಪ್ಪಲಿ ಡಬ್ಬ ತೆಗೆದುಕೊಳ್ಳಿ. ಒಂದು ಕೊನೆಯಲ್ಲಿ ಗುಂಡುಸೂಜಿಯಿಂದ ತೂತು ಮಾಡಿ. ಎದುರಿನ ಕೊನೆಯಲ್ಲಿ ರಟ್ಟನ್ನು ಕತ್ತರಿಸಿ ತೆಗೆದು, ಎಣ್ಣೆ ಸವರಿದ ಬಿಳಿ ಹಾಳೆ ಅಂಟಿಸಿ. ಮುಚ್ಚಳವನ್ನು ಬೆಳಕು ನುಸುಳದಂತೆ ಬಿಗಿಯಾಗಿ ಮುಚ್ಚಿ. ತಲೆಯ ಮೇಲೆ ಕಂಬಳಿ ಹೊದ್ದು, ತೂತನ್ನು ಬಿಸಿಲಿನಲ್ಲಿರುವ ಮರದ ಕಡೆಗೆ ತಿರುಗಿಸಿ ಹಾಳೆ ನೋಡಿ. ಮರ ಬೇರು ಮೇಲಾಗಿ ನಿಂತಿರುತ್ತದೆ! ತೂತು ದೊಡ್ಡದು ಮಾಡಿದರೆ ಬೆಳಕು ಹೆಚ್ಚುತ್ತದೆ, ಚಿತ್ರ ಮಸುಕಾಗುತ್ತದೆ. ಎರಡು ತೂತು ಮಾಡಿದರೆ ಎರಡು ಮರ. ಸೂರ್ಯನ ಕಡೆಗೆ ಮಾತ್ರ ಡಬ್ಬ ಹಿಡಿದು ನೋಡಬೇಡಿ. ತೂತಿನ ಮೂಲಕವೂ ಸೂರ್ಯನನ್ನು ದಿಟ್ಟಿಸಬಾರದು.

ಈ ಡಬ್ಬದಲ್ಲಿ ನನಗೆ ಗೊತ್ತಿರುವ ಲೆಕ್ಕವೂ ಇತ್ತು. ನಮ್ಮ ತೆಂಗಿನ ಮರ ಡಬ್ಬದ ತೂತಿನಿಂದ 20 ಮೀಟರ್ ದೂರ. ಡಬ್ಬದ ಉದ್ದ 30 ಸೆಂಟಿಮೀಟರ್. ಹಾಳೆಯ ಮೇಲೆ ಮರದ ಚಿತ್ರ ಹತ್ತೂವರೆ ಸೆಂಟಿಮೀಟರ್. ತ್ರೈರಾಶಿ ಹಾಕಿದರೆ ಮರದ ಎತ್ತರ 7 ಮೀಟರ್. ಕಾಯಿ ಕೀಳಲು ಬಂದವನ ಕೈಯಲ್ಲಿ ಹಗ್ಗ ಇಳಿಬಿಡಿಸಿ ಅಳೆದಾಗ ವ್ಯತ್ಯಾಸ ಬಂದದ್ದು ಒಂದು ಮೊಳದಷ್ಟು. ಬ್ಯಾಂಕಿನಲ್ಲಾಗಿದ್ದರೆ ಅಷ್ಟು ವ್ಯತ್ಯಾಸಕ್ಕೆ ರಾತ್ರಿಯವರೆಗೂ ಕೂತಿರಬೇಕಿತ್ತು!

ಸಂಕ್ರಾಂತಿಗೆ ಹಳ್ಳಿಗೆ ಹೋದೆವು. ಹಳೆಯ ಮನೆಯಲ್ಲಿ ಈಗ ಅಣ್ಣನ ಮಗನ ಸಂಸಾರ. ಬೀದಿ ಕಡೆಯ ಕೋಣೆಯಲ್ಲಿ ಜೋಳದ ಚೀಲ ಒಟ್ಟಿದ್ದರು. ಕಿಟಕಿಯ ಹಲಗೆ ಅದೇ, ತೂತೂ ಅದೇ. ಅದಕ್ಕೆ ಕಟ್ಟಿದ್ದ ಜೇಡರ ಬಲೆಯನ್ನು ಮೊಮ್ಮಗಳು ಕಡ್ಡಿಯಿಂದ ತೆಗೆದಳು. ಬಾಗಿಲು ಹಾಕಿ ಇಬ್ಬರೂ ಚೀಲದ ಮೇಲೆ ಕೂತೆವು. ಮೊದಲು ಏನೂ ಕಾಣಲಿಲ್ಲ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಎದುರು ಮನೆಯ ಹಂಚು ಗೋಡೆಯ ಬುಡದಲ್ಲಿ ಮೆಲ್ಲಗೆ ಮೂಡಿತು. ಅಷ್ಟರಲ್ಲಿ ಟ್ರ್ಯಾಕ್ಟರ್ ಸದ್ದು. ದೊಡ್ಡ ಚಕ್ರ ಮೇಲೆ, ಕಬ್ಬಿನ ಹೊರೆ ಕೆಳಗೆ. ಸದ್ದು ಹೊಳೆಯ ಕಡೆಗೆ, ಟ್ರ್ಯಾಕ್ಟರ್ ಗುಡಿಯ ಕಡೆಗೆ.

ಮೊಮ್ಮಗಳು ನನ್ನ ಕೈ ಹಿಡಿದುಕೊಂಡಳು. "ಅಜ್ಜಾ, ನಿನಗೆ ಜ್ವರ ಬಂದಿದ್ದೂ ನಿಜ, ಗಾಡಿ ಬಂದಿದ್ದೂ ನಿಜ."

ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

ನನ್ನಜ್ಜಿಯನ್ನು ನಾನು ದೂರುವುದಿಲ್ಲ. ಅವಳಿಗಿದ್ದದ್ದು ನನ್ನ ಜೀವದ ಚಿಂತೆ. ಆದರೆ ಈಗ ಅಜ್ಜ, ಅಜ್ಜಿ ಆಗಿರುವ ನಮ್ಮಲ್ಲಿ ಒಂದು ಮಾತು. ಮಗು ವಿಚಿತ್ರವಾದದ್ದನ್ನು ಕಂಡೆ ಎಂದಾಗ ನಗುವ ಮೊದಲು, ಗದರುವ ಮೊದಲು, ಅದರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು ಆ ಗೋಡೆಯನ್ನು ನಾವೂ ನೋಡೋಣ. ಮಕ್ಕಳೇ, ನೀವು ಕಂಡದ್ದನ್ನು ಯಾರೂ ನಂಬದಿದ್ದರೆ ಬೇಸರ ಮಾಡಿಕೊಂಡು ಸುಮ್ಮನಾಗಬೇಡಿ. ಎಲ್ಲಿ ಕಂಡಿತು, ಎಷ್ಟು ಹೊತ್ತಿಗೆ ಕಂಡಿತು ಎಂದು ಬರೆದಿಡಿ. ಮರುದಿನ ಅದೇ ಹೊತ್ತಿಗೆ ಅಲ್ಲೇ ಮತ್ತೆ ನೋಡಿ, ಇನ್ನೊಬ್ಬರನ್ನೂ ಕರೆದು ತೋರಿಸಿ. ನನ್ನ ಹಾಗೆ ಅರವತ್ತು ವರ್ಷ ಕಾಯಬೇಡಿ.